ಮಗುವಿಗೆ ಫಿಟ್ಸ್ ಬಂದಾಗ ಹೃದಯದ ಬಡಿತ: ಮನೆಯವರು ಗಮನಿಸಬೇಕಾದದ್ದು, ವೈದ್ಯರನ್ನು ಕೇಳಬೇಕಾದದ್ದು

ಫಿಟ್ಸ್ ನಿಂತ ಕೂಡಲೇ ಮಗುವನ್ನು ಎತ್ತಿಕೊಂಡವರಿಗೆಲ್ಲ ಈ ಅನುಭವ ಆಗಿರುತ್ತದೆ. ಕೈಕಾಲು ಸೋತು ಜೋತುಬಿದ್ದಿದ್ದರೂ ಆ ಪುಟ್ಟ ಎದೆ ಮಾತ್ರ ಓಡಿ ಬಂದವರ ಎದೆಯಂತೆ ಡವಡವ ಎನ್ನುತ್ತಿರುತ್ತದೆ. ಮಗುವಿನ ಹೃದಯಕ್ಕೂ ಏನೋ ಆಗಿದೆ ಎಂದು ಕೆಲವರು ಹೆದರುತ್ತಾರೆ. ಫಿಟ್ಸ್ ಬಂದರೆ ಹಾಗೆಯೇ ಎಂದು ಕೆಲವರು ಬಿಟ್ಟುಬಿಡುತ್ತಾರೆ. ಹೆಚ್ಚಿನ ಮಕ್ಕಳ ವಿಷಯದಲ್ಲಿ ಎರಡನೆಯವರ ಮಾತೇ ಸರಿ. ಆದರೆ ಕೆಲವೇ ಮಕ್ಕಳಲ್ಲಿ ಹೃದಯದ ಲಯ ಬೇರೆಯೇ ಸಂಗತಿಯನ್ನು ಹೇಳುತ್ತಿರುತ್ತದೆ. ಆ ಕೆಲವರನ್ನು ಗುರುತಿಸಲು ವೈದ್ಯರಿಗೆ ಯಂತ್ರಗಳ ಜೊತೆಗೆ ಅಷ್ಟೇ ನೆರವಾಗುವುದು, ಘಟನೆಯ ಹೊತ್ತಿನಲ್ಲಿ ಪಕ್ಕದಲ್ಲಿದ್ದವರು ಏನನ್ನು ಯಾವ ಕ್ರಮದಲ್ಲಿ ಕಂಡರು ಎಂಬ ಸ್ಪಷ್ಟವಾದ ವಿವರಣೆ. ಆ ವಿವರಣೆಯನ್ನು ಸಿದ್ಧಪಡಿಸಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ಮುಖ್ಯ ವಿಷಯ.

ಬಡಿತ ಬದಲಾಗುವುದೇಕೆ

ಹೃದಯ ತನ್ನಷ್ಟಕ್ಕೆ ತಾನೇ ಬಡಿಯಬಲ್ಲದು. ಆದರೆ ಎಷ್ಟು ವೇಗವಾಗಿ ಬಡಿಯಬೇಕೆಂಬುದನ್ನು ಮಿದುಳು ಎರಡು ಬಗೆಯ ನರಗಳ ಮೂಲಕ ಹೊತ್ತುಹೊತ್ತಿಗೂ ತಿದ್ದುತ್ತಿರುತ್ತದೆ. ಒಂದು ಬಗೆಯವು ವೇಗವನ್ನು ಏರಿಸುತ್ತವೆ. ಕುತ್ತಿಗೆಯಲ್ಲಿ ಇಳಿದುಬರುವ ವೇಗಸ್ ನರ ಅದನ್ನು ತಗ್ಗಿಸುತ್ತದೆ. ಈ ನಿಯಂತ್ರಣದಲ್ಲಿ ಪಾಲುಗೊಳ್ಳುವ ಮಿದುಳಿನ ಭಾಗಗಳು, ವಿಶೇಷವಾಗಿ ಕಿವಿಯ ಮೇಲ್ಭಾಗಕ್ಕೆ ಹೊಂದಿಕೊಂಡಿರುವ ಟೆಂಪೊರಲ್ ಭಾಗ ಮತ್ತು ಅದರ ಒಳಗೆ ಮಡಿಕೆಯಾಗಿ ಅಡಗಿರುವ ಇನ್ಸುಲಾ, ಫಿಟ್ಸ್ ಹುಟ್ಟುವ ಅಥವಾ ಬೇಗ ಹರಡುವ ಜಾಗಗಳೂ ಹೌದು. ಅಲ್ಲಿ ವಿದ್ಯುತ್ ಗೊಂದಲ ಎದ್ದಾಗ ಅದು ಕೈಕಾಲುಗಳಿಗೆ ತಲುಪುವ ಮೊದಲೇ ಹೃದಯಕ್ಕೆ ತಲುಪಬಹುದು. ಆದ್ದರಿಂದಲೇ ಕೆಲವು ಮಕ್ಕಳಲ್ಲಿ ಕಣ್ಣು ತಿರುಗುವುದಕ್ಕೂ ಕೈ ಅದುರುವುದಕ್ಕೂ ಮುಂಚೆ, ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಗೆರೆಗಳಾಗಿ ತೋರಿಸುವ ಪರೀಕ್ಷೆ) ಬದಲಾವಣೆ ಕಾಣುವುದಕ್ಕೂ ಕೆಲವು ಸೆಕೆಂಡು ಮುಂಚೆಯೇ, ಬಡಿತ ಏರಿರುತ್ತದೆ.

ಮಕ್ಕಳಲ್ಲಿ ಅತಿ ಸಾಮಾನ್ಯವಾದ ಬದಲಾವಣೆ ಎಂದರೆ ಬಡಿತ ಏರುವುದು. ಟೆಂಪೊರಲ್ ಭಾಗದಿಂದ ಹುಟ್ಟುವ ಫಿಟ್ಸ್‌ನಲ್ಲಿ ಮತ್ತು ಇಡೀ ದೇಹ ಬಿಗಿದು ಅದುರುವ ಫಿಟ್ಸ್‌ನಲ್ಲಿ ಇದು ಎದ್ದು ಕಾಣುತ್ತದೆ. ಕೆಲವೇ ಸೆಕೆಂಡು ದಿಟ್ಟಿಸಿ ನೋಡುತ್ತಾ ನಿಂತುಬಿಡುವ ಆಬ್ಸೆನ್ಸ್ ಬಗೆಯಲ್ಲಿ ಏರಿಕೆ ಅತ್ಯಲ್ಪ ಅಥವಾ ಇಲ್ಲವೇ ಇಲ್ಲ. ಬಡಿತ ತಗ್ಗುವುದು ಅಪರೂಪ, ಕೆಲವು ಸೆಕೆಂಡು ನಿಂತೇಹೋಗುವುದು ಇನ್ನೂ ಅಪರೂಪ. ಮೂರರಿಂದ ಆರು ವರ್ಷದ ಆಸುಪಾಸಿನ ಕೆಲವು ಮಕ್ಕಳಿಗೆ ನಿದ್ದೆಯಲ್ಲಿ ವಾಂತಿ ಬಂದಂತಾಗಿ, ಮುಖ ಬಿಳಿಚಿ, ಕಣ್ಣು ಒಂದು ಕಡೆಗೆ ವಾಲುವ ಬಗೆಯ ಫಿಟ್ಸ್ ಬರುತ್ತದೆ. ಪನಾಯೊಟೊಪೌಲೋಸ್ ಸಿಂಡ್ರೋಮ್ ಎಂದು ಹೆಸರಾದ ಈ ಬಗೆಯಲ್ಲಿ ಹೊಟ್ಟೆ, ಚರ್ಮದ ಬಣ್ಣ, ಹೃದಯ ಬಡಿತ ಇವುಗಳ ಬದಲಾವಣೆಯೇ ಮುಖ್ಯ ಲಕ್ಷಣವಾಗಿರುವುದರಿಂದ, ಹೊಟ್ಟೆಯ ತೊಂದರೆ ಎಂದೇ ಮೊದಲಿಗೆ ಭಾವಿಸುವುದುಂಟು.

ಮೊದಲ ಹೆಜ್ಜೆ: ಮಗು ಆರಾಮವಾಗಿರುವಾಗಲೇ ನಾಡಿ ನೋಡಲು ಕಲಿಯಿರಿ

ಗಾಬರಿಯ ಹೊತ್ತಿನಲ್ಲಿ ಮೊದಲ ಬಾರಿಗೆ ನಾಡಿ ಹುಡುಕಿದರೆ ಅದು ಸಿಗುವುದಿಲ್ಲ. ಸಿಕ್ಕಿತೆಂದು ಎಣಿಸಿದ್ದು ಎಷ್ಟೋ ಸಲ ನಮ್ಮ ಬೆರಳಿನದೇ ಮಿಡಿತವಾಗಿರುತ್ತದೆ. ಆದ್ದರಿಂದ ಮಗು ಮಲಗಿರುವಾಗ ಕಲಿಯಬೇಕು. ಒಂದು ವರ್ಷದೊಳಗಿನ ಮಗುವಿಗೆ ತೋಳಿನ ಒಳಬದಿಯಲ್ಲಿ, ಮೊಣಕೈಗೂ ಭುಜಕ್ಕೂ ನಡುವೆ, ತೋರುಬೆರಳು ಮತ್ತು ನಡುಬೆರಳನ್ನು ಜೋಡಿಸಿ ಮೆಲ್ಲಗೆ ಎಲುಬಿನ ಕಡೆಗೆ ಒತ್ತಿ. ಜೋರಾಗಿ ಒತ್ತಿದರೆ ನಾಡಿ ಮಾಯವಾಗುತ್ತದೆ. ಒತ್ತಡವನ್ನು ನಿಧಾನವಾಗಿ ಸಡಿಲಿಸುತ್ತಾ ಬಂದಾಗ ಸಣ್ಣ ದಾರವೊಂದು ಬೆರಳಡಿ ಪುಟಿದಂತೆ ಅದು ಮರಳಿ ಸಿಗುತ್ತದೆ. ದೊಡ್ಡ ಮಕ್ಕಳಿಗೆ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನಲ್ಲಿ ನೋಡಬಹುದು. ನಿಮ್ಮ ಹೆಬ್ಬೆರಳನ್ನು ಬಳಸಬೇಡಿ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ.

ಎಚ್ಚರವಾಗಿ ಆರಾಮವಾಗಿರುವ ಮಗುವಿನಲ್ಲಿ ನಿಮಿಷಕ್ಕೆ ಸುಮಾರಾಗಿ ಕಾಣುವ ಬಡಿತ ಹೀಗಿದೆ: ಒಂದು ವರ್ಷದೊಳಗೆ 100ರಿಂದ 180, ಒಂದರಿಂದ ಎರಡು ವರ್ಷದವರೆಗೆ 100ರಿಂದ 140, ಮೂರರಿಂದ ಐದರವರೆಗೆ 80ರಿಂದ 120, ಶಾಲೆಗೆ ಹೋಗುವ ವಯಸ್ಸಿನಲ್ಲಿ 75ರಿಂದ 118, ಹದಿಹರೆಯದಲ್ಲಿ 60ರಿಂದ 100. ನಿದ್ದೆಯಲ್ಲಿ ಇದು ಇಳಿಯುತ್ತದೆ. ಜ್ವರವಿದ್ದರೆ ಪ್ರತಿ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 10 ಬಡಿತದಂತೆ ಏರುತ್ತದೆ. ಪುಸ್ತಕದ ಅಂಕಿಗಿಂತಲೂ ನಿಮ್ಮ ಮಗುವಿನ ಸ್ವಂತ ಅಂಕಿ ಹೆಚ್ಚು ಉಪಯುಕ್ತ. ಎಚ್ಚರದಲ್ಲಿ ಮೂರು ದಿನ, ನಿದ್ದೆಯಲ್ಲಿ ಮೂರು ದಿನ ಎಣಿಸಿ ಬರೆದಿಟ್ಟುಕೊಳ್ಳಿ.

ಎರಡನೆಯ ಹೆಜ್ಜೆ: ಫಿಟ್ಸ್ ನಡೆಯುತ್ತಿರುವಾಗ ನಾಡಿಗಿಂತ ಉಸಿರು ಮುಖ್ಯ

ಇಷ್ಟು ಹೇಳಿದ ಮೇಲೂ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೈ ಅದುರುತ್ತಿರುವಾಗ ನಾಡಿ ಹುಡುಕುತ್ತಾ ಕೂರಬೇಡಿ. ಅದುರುವ ಕೈಯಲ್ಲಿ ನಾಡಿ ಸಿಗುವುದು ಕಷ್ಟ; ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೂಡ ಆ ಅಲುಗಾಟದಲ್ಲಿ ತಪ್ಪು ಅಂಕಿ ತೋರಿಸುತ್ತದೆ. ಮಾಡಬೇಕಾದ ಕೆಲಸಗಳಿಗೆ ನಿಗದಿತ ಕ್ರಮವಿದೆ. ಮೊದಲು ಗಡಿಯಾರ ನೋಡಿ. ಗಟ್ಟಿ, ಚೂಪಾದ ವಸ್ತುಗಳನ್ನು ದೂರ ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಕುತ್ತಿಗೆಯ ಬಳಿ ಬಟ್ಟೆ ಸಡಿಲಿಸಿ. ಸಾಧ್ಯವಾದ ಕೂಡಲೇ ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ, ಜೊಲ್ಲು ಮತ್ತು ವಾಂತಿ ಹೊರಗೆ ಹರಿದುಹೋಗಲಿ. ಬಾಯಿಗೆ ಚಮಚವನ್ನಾಗಲಿ ಬೆರಳನ್ನಾಗಲಿ ನೀರನ್ನಾಗಲಿ ಹಾಕಬೇಡಿ. ಕೈಕಾಲನ್ನು ಅದುಮಿ ಹಿಡಿಯಬೇಡಿ. ಆಮೇಲೆ ಎದೆ, ಹೊಟ್ಟೆಗಳ ಏರಿಳಿತವನ್ನೂ ತುಟಿಯ ಬಣ್ಣವನ್ನೂ ನೋಡುತ್ತಿರಿ.

ಐದು ನಿಮಿಷ ದಾಟಿದರೆ, ಅಥವಾ ನಡುವೆ ಎಚ್ಚರವಾಗದೆ ಒಂದರ ಹಿಂದೊಂದು ಬಂದರೆ, ಅದು ತುರ್ತು ಸ್ಥಿತಿ. ವೈದ್ಯರು ಮೊದಲೇ ಬರೆದುಕೊಟ್ಟಿರುವ ಮೂಗಿನ ಅಥವಾ ಕೆನ್ನೆಯೊಳಗಿನ ಮಿಡಜೋಲಮ್ (ಫಿಟ್ಸ್ ನಿಲ್ಲಿಸುವ ತುರ್ತು ಔಷಧ) ಇದ್ದರೆ ಅವರು ಹೇಳಿದ ಪ್ರಮಾಣದಲ್ಲೇ ಕೊಟ್ಟು ಆಂಬುಲೆನ್ಸ್ ಕರೆಯಿರಿ. ಮೊದಲ ಬಾರಿಗೆ ಬಂದ ಫಿಟ್ಸ್ ಆಗಿದ್ದರೆ, ನೀರಿನಲ್ಲಿ ಬಂದಿದ್ದರೆ, ಉಸಿರಾಟ ಸರಿಹೋಗದಿದ್ದರೆ ಐದು ನಿಮಿಷ ಕಾಯುವ ಮಾತೇ ಇಲ್ಲ.

ಅದುರುವಿಕೆ ನಿಂತ ಮೇಲೆ ಮಗು ಪ್ರತಿಕ್ರಿಯಿಸದೆ, ಉಸಿರಾಡದೆ ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರಿನಂತೆ ಮಾತ್ರ ಎಳೆಯುತ್ತಿದ್ದರೆ ನಾಡಿ ಇದೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಹೊತ್ತು ಕಳೆಯಬೇಡಿ, ಸಿಪಿಆರ್ ಆರಂಭಿಸಿ. ಎದೆಯ ನಡುವೆ, ಎದೆಯ ಆಳದ ಮೂರನೇ ಒಂದು ಭಾಗದಷ್ಟು ಕೆಳಗಿಳಿಯುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಎರಡು ಸಲ ಉಸಿರು ಊದಬೇಕು. ಇದನ್ನು ಓದಿ ಕಲಿಯಲಾಗದು. ಫಿಟ್ಸ್ ಇರುವ ಮಗುವಿನ ಮನೆಯಲ್ಲಿ ಕನಿಷ್ಠ ಇಬ್ಬರು ತರಬೇತಿ ಪಡೆದೇ ಕಲಿತಿರಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಫಿಟ್ಸ್ ನಿಂತು, ಉಸಿರಾಟ ಸರಾಗವಾದ ಮೇಲೆ ನಾಡಿ ಎಣಿಸಿ. ಆಗಲೂ ವೇಗ ಹೆಚ್ಚೇ ಇರುತ್ತದೆ. ಹತ್ತು ಹತ್ತು ನಿಮಿಷಕ್ಕೊಮ್ಮೆ ನೋಡಿದರೆ ಹಂತಹಂತವಾಗಿ ಇಳಿಯುತ್ತಿರಬೇಕು. ಮಗು ಶಾಂತವಾಗಿ ಮಲಗಿದ್ದು, ಜ್ವರವೂ ಇಲ್ಲದೆ, ಬಡಿತ ಮಾತ್ರ ಶಿಶುವಿನಲ್ಲಿ 220ರ ಮೇಲೆ, ದೊಡ್ಡ ಮಗುವಿನಲ್ಲಿ 180ರ ಮೇಲೆ ಇಳಿಯದೆ ನಿಂತಿದ್ದರೆ ಅದು ಹೃದಯದ ಲಯದ್ದೇ ಬೇರೆ ತೊಂದರೆ ಇರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮೂರನೆಯ ಹೆಜ್ಜೆ: ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಬರೆದಿಡಿ

ನಮ್ಮ ಮಾತಿನಲ್ಲೇ ಇಲ್ಲೊಂದು ತೊಡಕಿದೆ. ತಲೆ ಸುತ್ತಿ ಎಚ್ಚರ ತಪ್ಪಿ ಬಿದ್ದರೂ ‘ಮೂರ್ಛೆ ಹೋಯಿತು’ ಎನ್ನುತ್ತೇವೆ, ಮಿದುಳಿನಿಂದ ಬರುವ ಫಿಟ್ಸ್‌ಗೂ ‘ಮೂರ್ಛೆ ರೋಗ’ ಎನ್ನುತ್ತೇವೆ. ಮೊದಲನೆಯದು ಮಿದುಳಿಗೆ ರಕ್ತ ಸಾಲದೆ ಆಗುವಂಥದ್ದು, ಅದರ ಮೂಲ ಹೃದಯವಾಗಿರಬಹುದು; ಎರಡನೆಯದು ಮಿದುಳಿನ ವಿದ್ಯುತ್ ಗೊಂದಲ. ‘ಮಗುವಿಗೆ ಮೂರ್ಛೆ ಬಂತು ಡಾಕ್ಟ್ರೇ’ ಎಂಬ ಒಂದೇ ವಾಕ್ಯ ಇವೆರಡನ್ನೂ ಕಲಸಿಬಿಡುತ್ತದೆ. ಆದ್ದರಿಂದ ಕಾಯಿಲೆಯ ಹೆಸರು ಹೇಳದೆ, ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳಿ.

ಮಗು ಮೊದಲು ಸೆಟೆದುಕೊಂಡಿತೋ, ಅಥವಾ ಮೊದಲು ಬಟ್ಟೆಯಂತೆ ಕುಸಿದು ಆಮೇಲೆ ಅದುರಿತೋ? ಮುಖ ಆರಂಭದಲ್ಲೇ ಬಿಳಿಚಿತೋ, ಅಥವಾ ಅದುರುತ್ತಾ ಅದುರುತ್ತಾ ತುಟಿ ನೀಲಿಯಾಯಿತೋ? ಅದುರಿದ್ದು ಕೆಲವೇ ಸೆಕೆಂಡೋ, ನಿಮಿಷಗಳೋ? ಎಚ್ಚರವಾದಾಗ ‘ಯಾಕೆ ನಾನು ಕೆಳಗಿದ್ದೇನೆ’ ಎಂದು ತಕ್ಷಣ ಕೇಳಿತೋ, ಅಥವಾ ಅರ್ಧ ಗಂಟೆ ಮಂಪರಿನಲ್ಲಿತ್ತೋ? ಮೊದಲೇ ಬಿಳಿಚಿ, ಕುಸಿದು, ನಾಲ್ಕಾರು ಸಲ ಮಾತ್ರ ಅದುರಿ, ಕೂಡಲೇ ಎಚ್ಚರವಾಗುವುದು ರಕ್ತ ಸಾಲದ ಮೂರ್ಛೆಯ ಕಡೆಗೆ ಬೆರಳು ಮಾಡುತ್ತದೆ. ಮೊದಲು ಸೆಟೆದು, ನಂತರ ಒಂದೇ ತಾಳದಲ್ಲಿ ಅದುರಿ, ನೀಲಿಗಟ್ಟಿ, ಬಹಳ ಹೊತ್ತು ಮಂಪರಿನಲ್ಲಿರುವುದು ಮಿದುಳಿನ ಫಿಟ್ಸ್‌ನ ಕಡೆಗೆ. ಇನ್ನೂ ಒಂದು ಅಪರೂಪದ ಚಿತ್ರವಿದೆ: ಫಿಟ್ಸ್ ಆರಂಭವಾಗಿ, ಮಗು ದಿಟ್ಟಿಸುತ್ತಾ ಬಾಯಿ ಚಪ್ಪರಿಸುತ್ತಾ ಕೂತಿದ್ದು, ಕೆಲವು ಸೆಕೆಂಡುಗಳಾದ ಮೇಲೆ ಇದ್ದಕ್ಕಿದ್ದಂತೆ ಬಿಳಿಚಿ ಕುಸಿದುಬಿಡುತ್ತದೆ. ಫಿಟ್ಸ್‌ನ ನಡುವೆ ಹೃದಯ ಕೆಲಹೊತ್ತು ನಿಂತಾಗ ಹೀಗಾಗಬಹುದು. ‘ಪ್ರತಿ ಸಲದಂತೆ ಇರಲಿಲ್ಲ, ನಡುವೆ ಬಿದ್ದುಬಿಟ್ಟ’ ಎಂಬ ಮಾತನ್ನು ವೈದ್ಯರಿಗೆ ಹೇಳಲೇಬೇಕು.

ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಲು ಇನ್ನೊಬ್ಬರಿಗೆ ಹೇಳಿ. ಮುಖ ಮತ್ತು ಎದೆ ಎರಡೂ ಕಾಣುವಂತಿರಲಿ, ಮಗು ಪೂರ್ತಿ ಎಚ್ಚರವಾಗುವ ತನಕ ನಿಲ್ಲಿಸಬೇಡಿ, ಏಕೆಂದರೆ ವೈದ್ಯರಿಗೆ ಬೇಕಾದ ಅರ್ಧದಷ್ಟು ಸಂಗತಿ ಕೊನೆಯ ಭಾಗದಲ್ಲೇ ಇರುತ್ತದೆ.

ನಾಲ್ಕನೆಯ ಹೆಜ್ಜೆ: ಮೂಲ ಹೃದಯದಲ್ಲೇ ಇರಬಹುದೇ ಎಂದು ಕೇಳಿ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವ ಪುರುಸೊತ್ತಿದ್ದರೆ ಇದನ್ನೇ ಓದಿ ಎಂದು ಬೇಡಿಕೊಳ್ಳುತ್ತೇನೆ. ಲಾಂಗ್ ಕ್ಯೂಟಿ ಸಿಂಡ್ರೋಮ್ ಎಂಬ ಹುಟ್ಟಿನಿಂದಲೇ ಬರುವ ದೋಷವೊಂದಿದೆ. ಹೃದಯ ಪ್ರತಿ ಬಡಿತದ ನಂತರ ಮುಂದಿನದಕ್ಕೆ ವಿದ್ಯುತ್ ರೀತಿಯಲ್ಲಿ ಸಿದ್ಧವಾಗಲು ಇವರಲ್ಲಿ ಹೆಚ್ಚು ಹೊತ್ತು ಬೇಕಾಗುತ್ತದೆ. ಆ ನಡುವೆ ಲಯ ತಪ್ಪಿ ಹೃದಯ ಬರಿದೇ ಕಂಪಿಸತೊಡಗಿದರೆ ಮಿದುಳಿಗೆ ರಕ್ತ ನಿಲ್ಲುತ್ತದೆ, ಮಗು ಬಿದ್ದು ಅದುರುತ್ತದೆ. ನೋಡಿದವರಿಗೆ ಅದು ಥೇಟ್ ಫಿಟ್ಸ್. ಇಂಥ ಮಕ್ಕಳು ಫಿಟ್ಸ್ ಮಾತ್ರೆ ನುಂಗುತ್ತಾ ವರ್ಷಗಳನ್ನು ಕಳೆದ ಉದಾಹರಣೆಗಳು ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅಪಾಯ ದೊಡ್ಡದು. ಅನುಮಾನ ಬಂದರೆ ಮೊದಲು ಮಾಡಬೇಕಾದ ಪರೀಕ್ಷೆಯೋ ಒಂದು ಸಾಮಾನ್ಯ ಇಸಿಜಿ, ಅಂದರೆ ಹೃದಯದ ವಿದ್ಯುತ್ ಚಟುವಟಿಕೆಯನ್ನು ಗೆರೆಗಳಾಗಿ ಬರೆಯುವ ಪರೀಕ್ಷೆ.

ಅನುಮಾನ ಹುಟ್ಟಿಸಬೇಕಾದ ಸುಳಿವುಗಳು ಇವು. ಓಡುವಾಗ, ಈಜುವಾಗ, ಜೋರಾಗಿ ಅಳುವಾಗ ಅಥವಾ ಬೆಚ್ಚಿಬಿದ್ದಾಗ ಬಂದದ್ದು. ಅಲಾರಾಂ, ಕರೆಗಂಟೆಯಂಥ ಹಠಾತ್ ಸದ್ದಿಗೆ ಬಂದದ್ದು. ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಕಾರಣ ತಿಳಿಯದೆ ತೀರಿಕೊಂಡಿರುವುದು ಅಥವಾ ಈಜು ಬಲ್ಲವರು ನೀರಿನಲ್ಲಿ ಮುಳುಗಿರುವುದು. ಔಷಧ ಸರಿಯಾಗಿ ಕೊಟ್ಟರೂ ಹತೋಟಿಗೆ ಬಾರದೆ, ಇಇಜಿ ಪದೇ ಪದೇ ಸರಿಯಾಗಿಯೇ ಇರುವುದು. ಹುಟ್ಟಿನಿಂದಲೇ ಕಿವಿ ಕೇಳದ ಮಗುವಿಗೆ ಹೀಗೆ ಎಚ್ಚರ ತಪ್ಪಿದರೆ ಇಸಿಜಿ ಮಾಡಿಸದೆ ಬಿಡಲೇಬಾರದು. ಹುಟ್ಟುಕಿವುಡು ಮತ್ತು ಲಾಂಗ್ ಕ್ಯೂಟಿ ಒಟ್ಟಿಗೇ ಬರುವ ಸ್ಥಿತಿಯನ್ನು 1957ರಲ್ಲೇ ಜರ್ವೆಲ್ ಮತ್ತು ಲ್ಯಾಂಗ್-ನೀಲ್ಸನ್ ಎಂಬ ವೈದ್ಯರು ವಿವರಿಸಿದ್ದಾರೆ.

ಪುಟ್ಟ ಮಕ್ಕಳಲ್ಲಿ ಇದಕ್ಕಿಂತ ಹೆಚ್ಚು ಸಾಮಾನ್ಯವಾದ, ನೋಡಲು ಭಯಂಕರವಾದರೂ ಸ್ವಭಾವದಲ್ಲಿ ಸೌಮ್ಯವಾದ ಇನ್ನೊಂದು ಸ್ಥಿತಿಯಿದೆ. ತಲೆಗೆ ಚಿಕ್ಕ ಪೆಟ್ಟು ಬಿದ್ದಾಗ ಅಥವಾ ಹಠಾತ್ತನೆ ನೋವಾದಾಗ ವೇಗಸ್ ನರ ಅತಿಯಾಗಿ ಕೆಲಸ ಮಾಡಿ ಹೃದಯ ಕೆಲವು ಸೆಕೆಂಡು ನಿಲ್ಲುತ್ತದೆ. ಮಗು ಬಾಯಿ ತೆರೆದರೂ ಅಳು ಹೊರಡದೆ, ಬಿಳಿಚಿ, ಬಿದ್ದು, ಸೆಟೆದು, ಸ್ವಲ್ಪದರಲ್ಲೇ ಎಚ್ಚರವಾಗುತ್ತದೆ. ಇದು ಮೂರ್ಛೆ ರೋಗವಲ್ಲ, ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತಾ ತಾನಾಗಿಯೇ ಹೋಗುತ್ತದೆ. ಹಾಗಿದ್ದರೂ ಒಂದು ಇಸಿಜಿ ಮಾಡಿಸಿ, ರಕ್ತದಲ್ಲಿ ಕಬ್ಬಿಣದಂಶ ಕಡಿಮೆ ಇದೆಯೇ ಎಂದು ನೋಡಿಸಿಕೊಳ್ಳುವುದು ಒಳ್ಳೆಯದು.

ಐದನೆಯ ಹೆಜ್ಜೆ: ಇಸಿಜಿ ಮತ್ತು ಇಇಜಿ ಹಾಳೆಗಳನ್ನು ನೀವೂ ನೋಡಿ

ಹನ್ನೆರಡು ಲೀಡಿನ ಇಸಿಜಿಗೆ ಕೆಲವೇ ನಿಮಿಷ ಸಾಕು, ನೋವಿಲ್ಲ. ಆ ಕಾಗದ ಸಾಮಾನ್ಯವಾಗಿ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ಚಿಕ್ಕ ಚೌಕ 0.04 ಸೆಕೆಂಡು, ಐದು ಚಿಕ್ಕವು ಸೇರಿದ ದೊಡ್ಡ ಚೌಕ 0.2 ಸೆಕೆಂಡು. ಎತ್ತರದ ಎರಡು ಮೊನೆಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆಯೋ ಆ ಸಂಖ್ಯೆಯಿಂದ 300ನ್ನು ಭಾಗಿಸಿದರೆ ನಿಮಿಷದ ಬಡಿತ ಸಿಗುತ್ತದೆ: ಮೂರು ಚೌಕವಿದ್ದರೆ 100, ಎರಡಿದ್ದರೆ 150. ಹೃದಯ ಮುಂದಿನ ಬಡಿತಕ್ಕೆ ಸಿದ್ಧವಾಗಲು ಹಿಡಿಯುವ ಹೊತ್ತನ್ನು ಸೂಚಿಸುವ ಕ್ಯೂಟಿ ಅವಧಿಯನ್ನು ಬಡಿತದ ವೇಗಕ್ಕೆ ಹೊಂದಿಸಿ ಲೆಕ್ಕ ಹಾಕಿದ ಅಂಕಿಯನ್ನು ಕ್ಯೂಟಿಸಿ ಎನ್ನುತ್ತಾರೆ. ಮಕ್ಕಳಲ್ಲಿ ಅದು 460 ಮಿಲಿಸೆಕೆಂಡ್ ದಾಟಿದ್ದರೆ ಹೃದ್ರೋಗ ತಜ್ಞರು ಒಮ್ಮೆ ನೋಡಬೇಕು. ಯಂತ್ರ ತಾನೇ ಅಚ್ಚು ಹಾಕುವ ಅಂಕಿ ತಪ್ಪುವುದುಂಟು, ‘ಇದನ್ನು ಕೈಯಲ್ಲಿ ಅಳೆದು ನೋಡಿದಿರಾ’ ಎಂದು ಕೇಳುವುದು ಉದ್ಧಟತನವಲ್ಲ. ಫಿಟ್ಸ್ ಆದ ಬೆನ್ನಿಗೇ ತೆಗೆದ ಇಸಿಜಿ ಏರುಪೇರಾಗಿದ್ದರೆ ಮಗು ಶಾಂತವಾದ ಮೇಲೆ ಮತ್ತೊಮ್ಮೆ ತೆಗೆಸಬೇಕು. ಒಂದು ಇಸಿಜಿ ಸರಿಯಿದ್ದ ಮಾತ್ರಕ್ಕೆ ಅನುಮಾನ ಪೂರ್ತಿ ನೀಗುವುದಿಲ್ಲ. ಆಗ 24 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕಟ್ಟಿಕೊಳ್ಳುವ ಹೋಲ್ಟರ್ ಎಂಬ ಪುಟ್ಟ ಇಸಿಜಿ ಯಂತ್ರ, ದೊಡ್ಡ ಮಕ್ಕಳಿಗೆ ಟ್ರೆಡ್‌ಮಿಲ್ ಪರೀಕ್ಷೆ ಬೇಕಾಗಬಹುದು.

ವಿಡಿಯೊ ಇಇಜಿ ಮಾಡುವಾಗ ಎದೆಗೂ ಒಂದು ಇಸಿಜಿ ತಂತಿ ಅಂಟಿಸುತ್ತಾರೆ. ಅಂಟಿಸಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ. ಮಿದುಳಿನ ಹತ್ತಾರು ಗೆರೆಗಳ ತಳದಲ್ಲಿ ಒಂಟಿಯಾಗಿ ಓಡುವ ಗೆರೆಯೇ ಅದು. ಪರದೆಯ ಒಂದು ಪುಟ ಬಹುಮಟ್ಟಿಗೆ 10 ಸೆಕೆಂಡಿನದು. ಆ ಪುಟದಲ್ಲಿ 15 ಮೊನೆಗಳಿದ್ದರೆ ನಿಮಿಷಕ್ಕೆ 90 ಬಡಿತ. ಫಿಟ್ಸ್ ಬಂದ ಪುಟದಲ್ಲಿ ಮೇಲಿನ ಗೆರೆಗಳು ಇನ್ನೂ ಸುಮ್ಮನಿರುವಾಗಲೇ ತಳದ ಮೊನೆಗಳು ಒಂದಕ್ಕೊಂದು ಹತ್ತಿರವಾಗುತ್ತಾ 26ಕ್ಕೆ, ಅಂದರೆ ನಿಮಿಷಕ್ಕೆ 156ಕ್ಕೆ, ಏರುವುದನ್ನು ಕಣ್ಣಾರೆ ಕಾಣಬಹುದು. ಮೊನೆಗಳು ಮೊದಲು ವಿರಳವಾಗಿ, ಆಮೇಲೆ ಮಿದುಳಿನ ಗೆರೆಗಳು ನಿಧಾನವಾಗಿ ಚಪ್ಪಟೆಯಾದರೆ ಘಟನೆಯ ಮೂಲ ಹೃದಯ. ಮೊದಲು ಮಿದುಳಿನಲ್ಲಿ ಫಿಟ್ಸ್, ನಂತರ ಮೊನೆಗಳು ವಿರಳವಾದರೆ ಮೂಲ ಮಿದುಳು. ಈ ಒಂದು ಕ್ರಮದ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ. ಫಿಟ್ಸ್‌ನಲ್ಲಿ ಹೃದಯ ನಿಲ್ಲುವುದು ಖಚಿತವಾದರೆ ಮೊದಲು ಫಿಟ್ಸ್ ಅನ್ನು ಹತೋಟಿಗೆ ತರಲು ಪ್ರಯತ್ನಿಸುತ್ತಾರೆ. ಆಯ್ದ ಕೆಲವರಿಗೆ ಮಾತ್ರ ಪೇಸ್‌ಮೇಕರ್ ಬೇಕಾಗುತ್ತದೆ.

ಬಡಿತದ ಏರಿಕೆಯನ್ನೇ ಸುಳಿವಾಗಿ ಬಳಸುವ ಉಪಕರಣಗಳೂ ಬಂದಿವೆ. ವೇಗಸ್ ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಡುವ, ಎದೆಯ ಚರ್ಮದಡಿ ಅಳವಡಿಸುವ ಸಾಧನದ ಹೊಸ ಮಾದರಿ ಬಡಿತ ಹಠಾತ್ತನೆ ಏರಿದಾಗ ತಾನಾಗಿ ಪ್ರಚೋದನೆ ಕೊಡುತ್ತದೆ. ಅಮೆರಿಕದಲ್ಲಿ ಇದಕ್ಕೆ 2015ರಲ್ಲಿ ಅನುಮತಿ ದೊರೆಯಿತು. ಕೈಗೆ ಕಟ್ಟುವ ಸ್ಮಾರ್ಟ್ ವಾಚುಗಳ ಮೇಲೆ ಅಷ್ಟು ಭರವಸೆ ಇಡಬೇಡಿ. ಆಟ, ಅಳು, ಜ್ವರ ಎಲ್ಲಕ್ಕೂ ಬಡಿತ ಏರುವುದರಿಂದ ಸುಳ್ಳು ಎಚ್ಚರಿಕೆಗಳು ಬಹಳ, ಮತ್ತು ಸದ್ದು ಮಾಡದ ರಾತ್ರಿಯೆಲ್ಲ ಸುರಕ್ಷಿತ ಎಂದೇನೂ ಅಲ್ಲ.

ಆರನೆಯ ಹೆಜ್ಜೆ: ಔಷಧಗಳ ಪಟ್ಟಿಯನ್ನು ಹೃದಯದ ದೃಷ್ಟಿಯಿಂದಲೂ ತೋರಿಸಿ

ಫಿಟ್ಸ್ ಔಷಧಗಳಲ್ಲಿ ಹೆಚ್ಚಿನವು ಆರೋಗ್ಯವಂತ ಹೃದಯಕ್ಕೆ ತೊಂದರೆ ಕೊಡುವುದಿಲ್ಲ. ಆದರೆ ಕಾರ್ಬಮಜೆಪೀನ್ ಮತ್ತು ಲ್ಯಾಕೊಸಮೈಡ್ ಹೃದಯದೊಳಗಿನ ವಿದ್ಯುತ್ ಹರಿವನ್ನು ನಿಧಾನಿಸಬಲ್ಲವು. ಫೆನಿಟಾಯಿನ್ ಅನ್ನು ರಕ್ತನಾಳಕ್ಕೆ ಬೇಗ ಚುಚ್ಚಿದರೆ ಲಯ ತಪ್ಪಬಹುದು, ಆದ್ದರಿಂದ ಆಸ್ಪತ್ರೆಯಲ್ಲಿ ಮಾನಿಟರ್ ಹಾಕಿ ನಿಧಾನವಾಗಿ ಕೊಡುತ್ತಾರೆ. ಫೆನ್‌ಫ್ಲುರಮೀನ್ ಬಳಸುವ ಮಕ್ಕಳಿಗೆ ಹೃದಯದ ಕವಾಟಗಳನ್ನು ನೋಡಲು ಎಕೊ ಪರೀಕ್ಷೆಯನ್ನು ನಿಗದಿತ ಅವಧಿಗೊಮ್ಮೆ ಮಾಡಿಸಲೇಬೇಕು. ಲಾಂಗ್ ಕ್ಯೂಟಿ ಇರುವ ಮಗುವಿಗೆ ಅಜಿತ್ರೊಮೈಸಿನ್, ಒಂಡಾನ್‌ಸೆಟ್ರಾನ್‌ನಂಥ ದಿನಬಳಕೆಯ ಔಷಧಗಳೂ ಅಪಾಯ ತರಬಹುದಾದ್ದರಿಂದ ಕೆಮ್ಮಿಗೋ ವಾಂತಿಗೋ ಬೇರೆ ವೈದ್ಯರ ಬಳಿ ಹೋದಾಗಲೂ ಮೊದಲು ಈ ವಿಷಯ ಹೇಳಿ. ಇದನ್ನೆಲ್ಲ ಓದಿ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಹಠಾತ್ತಾಗಿ ನಿಲ್ಲಿಸಿದ ಫಿಟ್ಸ್ ಮಾತ್ರೆ ತಾನೇ ದೊಡ್ಡ ಅಪಾಯ.

ಏಳನೆಯ ಹೆಜ್ಜೆ: ರಾತ್ರಿಯ ಬಗ್ಗೆ ವೈದ್ಯರೊಡನೆ ಬಿಚ್ಚುಮನಸ್ಸಿನಿಂದ ಮಾತಾಡಿ

ಮೂರ್ಛೆ ರೋಗವಿರುವವರಲ್ಲಿ ಬೇರಾವ ಕಾರಣವೂ ಸಿಗದೆ ಹಠಾತ್ತಾಗಿ ಸಂಭವಿಸುವ ಸಾವನ್ನು ‘ಸುಡೆಪ್’ ಎನ್ನುತ್ತಾರೆ. ಈ ಮಾತನ್ನು ಎತ್ತಲು ವೈದ್ಯರೂ ಹಿಂಜರಿಯುತ್ತಾರೆ, ತಂದೆ ತಾಯಂದಿರೂ ಹಿಂಜರಿಯುತ್ತಾರೆ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2017ರಲ್ಲಿ ಹೊರತಂದ ಮಾರ್ಗಸೂಚಿಯಂತೆ ಇದು ಮೂರ್ಛೆ ರೋಗವಿರುವ 4,500 ಮಕ್ಕಳಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ ಸಂಭವಿಸುತ್ತದೆ. ಅಂದರೆ ಅಪರೂಪ, ಆದರೆ ತಿಳಿದಿರಲೇಬೇಕಾದದ್ದು. ಆಸ್ಪತ್ರೆಗಳ ಮಾನಿಟರ್‌ಗಳಲ್ಲಿ ದಾಖಲಾದ ಇಂಥ ಘಟನೆಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ ಒಂದು ಕ್ರಮವನ್ನು ತೋರಿಸಿತು: ಇಡೀ ದೇಹದ ಫಿಟ್ಸ್ ನಿಂತ ಕೆಲವೇ ನಿಮಿಷಗಳಲ್ಲಿ ಉಸಿರಾಟವೂ ಬಡಿತವೂ ಒಟ್ಟಿಗೆ ಕುಸಿದು, ಕೊನೆಯಲ್ಲಿ ಮೊದಲು ನಿಂತದ್ದು ಉಸಿರು, ಆಮೇಲೆ ಹೃದಯ. ಉಸಿರನ್ನು ನೋಡುತ್ತಿರಿ ಎಂದು ಮೇಲೆ ಅಷ್ಟು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ಅಪಾಯವನ್ನು ಹೆಚ್ಚಿಸುವ ಮುಖ್ಯ ಸಂಗತಿ ಇಡೀ ದೇಹದ ಫಿಟ್ಸ್ ಪದೇ ಪದೇ, ಅದರಲ್ಲೂ ನಿದ್ದೆಯಲ್ಲಿ, ಬರುವುದು. ಡ್ರಾವೆ ಸಿಂಡ್ರೋಮ್ ಎಂಬ, ಶೈಶವದಲ್ಲೇ ಆರಂಭವಾಗುವ ತೀವ್ರ ಬಗೆಯ ಮೂರ್ಛೆ ರೋಗ ಇರುವ ಮಕ್ಕಳಲ್ಲಿ ಅಪಾಯ ಇನ್ನೂ ಹೆಚ್ಚು. ಅವರಲ್ಲಿ ದೋಷಗೊಂಡಿರುವ ಎಸ್‌ಸಿಎನ್‌1ಎ ಜೀನ್ ಮಿದುಳಿನಲ್ಲಿ ಮಾತ್ರವಲ್ಲ, ಹೃದಯದಲ್ಲೂ ಕೆಲಸ ಮಾಡುತ್ತದೆ. ರಾತ್ರಿ ಫಿಟ್ಸ್ ಬರುವ ಮಗುವಿನೊಡನೆ ಅದೇ ಕೋಣೆಯಲ್ಲಿ ದೊಡ್ಡವರೊಬ್ಬರು ಮಲಗುವುದು, ಫಿಟ್ಸ್ ನಿಂತ ಮೇಲೆ ಬೋರಲಾಗಿ ಬಿಡದೆ ಮಗ್ಗುಲಿಗೆ ತಿರುಗಿಸಿ ಉಸಿರು ಸರಾಗವಾಗುವ ತನಕ ಕೂತಿರುವುದು, ಮಾತ್ರೆ ತಪ್ಪದಿರುವುದು ಇವು ನಿಮ್ಮ ಕೈಯಲ್ಲಿರುವ ಕೆಲಸಗಳು. ಒಂದು ಹೊತ್ತಿನ ಮಾತ್ರೆ ಮರೆತರೆ ಎಷ್ಟು ಗಂಟೆಯೊಳಗಾದರೆ ಕೊಡಬಹುದು, ಕೊಟ್ಟ ಕೂಡಲೇ ವಾಂತಿಯಾದರೆ ಮತ್ತೆ ಕೊಡಬೇಕೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಮುಂದಿನ ಭೇಟಿಯಲ್ಲೇ ಕೇಳಿ, ಔಷಧದ ಡಬ್ಬಿಯ ಮುಚ್ಚಳದ ಮೇಲೆ ಬರೆದು ಅಂಟಿಸಿಡಿ.